ಅಕ್ಕಿಯ ಬಣ್ಣವೂ ಅನ್ನದ ಪಾಲೂ

ಒಂದು ನಾಡಿನ ಊಟವು ಆ ನಾಡಿನ ಮಣ್ಣಿನಿಂದ ಹುಟ್ಟುತ್ತದೆ. ಕಾಗಿಣಾ ಮತ್ತು ಮುಲ್ಲಾಮಾರಿ ನದಿಗಳು ಹರಿಯುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಯಲ್ಲಿ ನೆಲದ ಕೆಳಗೆ ಸುಣ್ಣಕಲ್ಲು, ನೆಲದ ಮೇಲೆ ಬಹುಪಾಲು ಕಪ್ಪುಮಣ್ಣು. ಈ ಮಣ್ಣು ಮಳೆಯ ತೇವವನ್ನು ಬಹುಕಾಲ ಹಿಡಿದಿಟ್ಟುಕೊಂಡು ತೊಗರಿಯನ್ನೂ ಹಿಂಗಾರಿಯ ಬಿಳಿಜೋಳವನ್ನೂ ಬೆಳೆಸುತ್ತದೆ. ನಿಂತ ನೀರನ್ನು ಬೇಡುವ ಭತ್ತಕ್ಕೆ ಇದು ಸಹಜವಾದ ನೆಲೆಯಲ್ಲ. ಚಿಂಚೋಳಿಯ ಕೆಮ್ಮಣ್ಣಿನ ಭಾಗದಲ್ಲಿ ಕೆರೆ ಹಳ್ಳಗಳ ಆಶ್ರಯದಲ್ಲಿ ಅಲ್ಪಸ್ವಲ್ಪ ಭತ್ತ ಬೆಳೆಯುವುದುಂಟಾದರೂ ಈ ಸೀಮೆಯ ಊಟದ ಮುಖ್ಯಾಂಗ ಜೋಳದ ರೊಟ್ಟಿಯೇ ಆಗಿತ್ತು. ರೊಟ್ಟಿ, ಪುಂಡಿಪಲ್ಲೆ, ಬೇಳೆ, ಶೇಂಗಾಹಿಂಡಿ ಇವುಗಳಿಂದ ಹೊಟ್ಟೆ ತುಂಬಿದ ಮೇಲೆ ಒಂದು ಹಿಡಿ ಅನ್ನ, ಅದಕ್ಕೆ ಸಾರು ಅಥವಾ ಮಜ್ಜಿಗೆ. ಅಲ್ಲಿಗೆ ಊಟ ಮುಗಿಯುತ್ತಿತ್ತು. ಅನ್ನವು ಊಟದ ಕೊನೆಗೆ ಬರುವ ಅತಿಥಿಯಾಗಿತ್ತು. ಇಂದು ಆ ಅತಿಥಿಯೇ ಅನೇಕ ಮನೆಗಳಲ್ಲಿ, ವಸತಿಗೃಹಗಳಲ್ಲಿ ಯಜಮಾನನ ಸ್ಥಾನದಲ್ಲಿ ಕುಳಿತಿದ್ದಾನೆ.

ಇಂಥ ಸಂದರ್ಭದಲ್ಲಿ ಪಟ್ಟಣಗಳಿಂದ ಒಂದು ಪ್ರಶ್ನೆ ಹಳ್ಳಿಗಳವರೆಗೂ ಬಂದಿದೆ: ಬಿಳಿಯ ಅಕ್ಕಿ ಒಳ್ಳೆಯದೋ, ಪಾಲಿಶ್ ಮಾಡದ ಕಂದು ಅಕ್ಕಿ ಒಳ್ಳೆಯದೋ? ವೈದ್ಯರು ಒಂದು ಹೇಳುತ್ತಾರೆ, ಅಂಗಡಿಯವರು ಇನ್ನೊಂದು ಹೇಳುತ್ತಾರೆ, ನಾಲಗೆ ಮತ್ತೊಂದನ್ನು ಬಯಸುತ್ತದೆ. ಈ ಪ್ರಶ್ನೆಗೆ ಎಲ್ಲ ನಾಡಿಗೂ ಸಲ್ಲುವ ಒಂದೇ ಉತ್ತರವಿಲ್ಲ. ಅಕ್ಕಿಯ ಬಣ್ಣ ಯಾವುದೆಂದು ವಿಚಾರಿಸುವ ಮೊದಲು ತಟ್ಟೆಯಲ್ಲಿ ಅನ್ನದ ಪಾಲು ಎಷ್ಟೆಂದು ವಿಚಾರಿಸಬೇಕಾಗುತ್ತದೆ. ಈ ಎರಡು ವಿಚಾರಗಳನ್ನು ಒಟ್ಟಿಗೆ ಇಟ್ಟು ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಾಳಿನ ರಚನೆ

ಭತ್ತದ ಕಾಳಿನ ಹೊರಗೆ ಗಟ್ಟಿಯಾದ ಹೊಟ್ಟು ಇರುತ್ತದೆ. ಇದು ಕಾಳಿನ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ. ಮನುಷ್ಯನ ಆಹಾರಕ್ಕೆ ಬಾರದು. ಹೊಟ್ಟನ್ನು ಮಾತ್ರ ಬಿಡಿಸಿದಾಗ ದೊರೆಯುವುದೇ ಕಂದು ಅಕ್ಕಿ. ಅದರ ಮೈಮೇಲೆ ತೌಡಿನ ತೆಳುವಾದ ಪದರಗಳೂ ಒಂದು ತುದಿಯಲ್ಲಿ ಮೊಳಕೆಯ ಭಾಗವೂ ಉಳಿದಿರುತ್ತವೆ. ಇವೆರಡನ್ನೂ ಉಜ್ಜಿ ತೆಗೆದಾಗ ಒಳಗಿನ ಪಿಷ್ಟದ ಭಾಗ ಬೆಳ್ಳಗೆ ಹೊಳೆಯುತ್ತದೆ. ಅದೇ ಬಿಳಿಯ ಅಕ್ಕಿ. ಬಿಳಿಯ ಅಕ್ಕಿಯೂ ಕಂದು ಅಕ್ಕಿಯೂ ಬೇರೆ ಬೇರೆ ಬೆಳೆಗಳಲ್ಲ, ಒಂದೇ ಭತ್ತದ ಎರಡು ಅವಸ್ಥೆಗಳು ಎಂಬುದನ್ನು ಮೊದಲು ನೆನಪಿನಲ್ಲಿಡಬೇಕು. ಗಿರಣಿಯಲ್ಲಿ ಹೊಟ್ಟು ಬಿಡಿಸುವ ಯಂತ್ರ ಬೇರೆ, ಪಾಲಿಶ್ ಮಾಡುವ ಯಂತ್ರ ಬೇರೆ ಇದ್ದಾಗ, ಮೊದಲ ಯಂತ್ರದಿಂದ ಹೊರಬಂದು ಎರಡನೆಯದಕ್ಕೆ ಹೋಗುವ ನಡುವಿನ ಅಕ್ಕಿಯೇ ಕಂದು ಅಕ್ಕಿ.

ಕಂದು ಅಕ್ಕಿ ಮತ್ತು ಕೆಂಪಕ್ಕಿ ಒಂದೇ ಎಂದು ತಿಳಿಯುವವರೂ ಉಂಟು. ಕೆಂಪಕ್ಕಿಯು ತೌಡಿನಲ್ಲಿಯೇ ಕೆಂಪು ಬಣ್ಣವಿರುವ ಭತ್ತದ ತಳಿಗಳಿಂದ ಬರುವಂಥದು. ಅದನ್ನು ಪೂರ್ಣವಾಗಿ ಪಾಲಿಶ್ ಮಾಡಿದರೆ ಅದೂ ಬೆಳ್ಳಗಾಗುತ್ತದೆ. ಆದುದರಿಂದ ಗುಣವು ಬಣ್ಣದ ಹೆಸರಿನಲ್ಲಿಲ್ಲ, ತೌಡು ಉಳಿದಿದೆಯೇ ಇಲ್ಲವೇ ಎಂಬುದರಲ್ಲಿದೆ.

ಒರಳು ಒನಕೆಗಳ ಕಾಲದಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಕೈಯಿಂದ ಕುಟ್ಟಿದ ಅಕ್ಕಿಯಲ್ಲಿ ತೌಡು ಪೂರ್ತಿಯಾಗಿ ಹೋಗುವುದು ಕಷ್ಟ. ಎಷ್ಟು ಕುಟ್ಟಿದರೂ ಸ್ವಲ್ಪ ಉಳಿಯುತ್ತಿತ್ತು. ಯಂತ್ರವು ಆ ಮಿತಿಯನ್ನು ದಾಟಿತು. ಶ್ರಮ ಉಳಿಯಿತು, ಅಕ್ಕಿ ಬೆಳಗಿತು, ಬಹುದಿನ ಕೆಡದೆ ಉಳಿಯತೊಡಗಿತು. ಆದರೆ ಅದರೊಡನೆ ಹೋದುದು ಏನು ಎಂಬುದು ತಿಳಿಯಲು ಜಗತ್ತಿಗೆ ಕೆಲವು ದಶಕಗಳೇ ಬೇಕಾದವು.

ಕೋಳಿಗಳು ಕಲಿಸಿದ ಪಾಠ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಕ್ಕಿ ಉಣ್ಣುವ ಪೂರ್ವದೇಶಗಳಲ್ಲಿ ಬೆರಿಬೆರಿ ಎಂಬ ರೋಗ ಹಬ್ಬಿತ್ತು. ಕಾಲುಗಳ ಶಕ್ತಿ ಕುಂದುವುದು, ನರಗಳು ಜಡವಾಗುವುದು, ಕೊನೆಗೆ ಹೃದಯ ದುರ್ಬಲವಾಗಿ ಸಾವು. ಇವು ಅದರ ಲಕ್ಷಣಗಳು. ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಕ್ರಿಶ್ಚಿಯಾನ್ ಐಕ್‌ಮನ್, ಪಾಲಿಶ್ ಮಾಡಿದ ಅಕ್ಕಿಯನ್ನು ತಿಂದ ಕೋಳಿಗಳಿಗೆ ಇಂಥದೇ ನರರೋಗ ಬರುವುದನ್ನೂ, ತೌಡು ಇರುವ ಅಕ್ಕಿ ಕೊಟ್ಟರೆ ಅವು ಚೇತರಿಸಿಕೊಳ್ಳುವುದನ್ನೂ ಕಂಡನು. ತೌಡಿನಲ್ಲಿ ದೇಹಕ್ಕೆ ಅತ್ಯಾವಶ್ಯಕವಾದ ಒಂದು ಪದಾರ್ಥವಿದೆ ಎಂಬುದನ್ನು ಅವನ ಸಹೋದ್ಯೋಗಿ ಗ್ರೈನ್ಸ್ ೧೯೦೧ರಲ್ಲಿ ಸ್ಪಷ್ಟಪಡಿಸಿದನು. ೧೯೧೨ರಲ್ಲಿ ಕಾಸಿಮಿರ್ ಫಂಕ್ ಇಂಥ ಪದಾರ್ಥಗಳಿಗೆ ‘ವೈಟಮಿನ್’ ಎಂಬ ಹೆಸರನ್ನು ಸೂಚಿಸಿದನು. ಐಕ್‌ಮನ್ನನಿಗೆ ೧೯೨೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇಂದು ಆ ತೌಡಿನ ಪದಾರ್ಥವನ್ನು ಥಯಾಮಿನ್ ಅಥವಾ ಬಿ೧ ಜೀವಸತ್ವವೆಂದು ಕರೆಯುತ್ತಾರೆ. ಜೀವಸತ್ವಗಳ ಶಾಸ್ತ್ರದ ಒಂದು ಮುಖ್ಯ ಬೇರು ಅಕ್ಕಿಯ ತೌಡಿನಲ್ಲಿದೆ ಎಂದರೆ ತಪ್ಪಾಗಲಾರದು.

ಈ ಕಥೆಯ ಒಂದು ಎಳೆ ಭಾರತದಲ್ಲಿಯೂ ಇದೆ. ಕರಾವಳಿ ಆಂಧ್ರದ ಉತ್ತರ ಜಿಲ್ಲೆಗಳಲ್ಲಿ ಬೆರಿಬೆರಿ ಕಾಣಿಸಿಕೊಂಡಿತ್ತು. ಅದರ ಶೋಧನೆಗಾಗಿ ೧೯೧೮ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರ ನೇತೃತ್ವದಲ್ಲಿ ಸಣ್ಣದೊಂದು ವಿಭಾಗ ಆರಂಭವಾಯಿತು. ಅದೇ ಬೆಳೆದು ೧೯೫೮ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಸೇಡಂ ಚಿತ್ತಾಪುರಗಳ ಜನ ರೈಲು ಹತ್ತಿ ಹೋಗುವ ಹೈದರಾಬಾದಿನಲ್ಲಿರುವ ಈ ಹಿರಿಯ ಸಂಸ್ಥೆಯ ಮೂಲವೇ ಪಾಲಿಶ್ ಅಕ್ಕಿ ತಂದ ರೋಗದ ವಿಚಾರಣೆ ಎಂಬುದು ನೆನಪಿಡತಕ್ಕ ಸಂಗತಿ.

ಕುಚ್ಚಲಕ್ಕಿಯ ಮಧ್ಯಮಮಾರ್ಗ

ಅಕ್ಕಿಯನ್ನೇ ಉಂಡರೂ ಬೆರಿಬೆರಿಗೆ ತುತ್ತಾಗದ ಪ್ರದೇಶಗಳೂ ಇದ್ದವು. ಅಲ್ಲಿಯ ಜನ ಭತ್ತವನ್ನು ನೆನೆಸಿ, ಹೊಟ್ಟಿನೊಡನೆಯೇ ಬೇಯಿಸಿ, ಒಣಗಿಸಿ, ಅನಂತರ ಅಕ್ಕಿ ಮಾಡುತ್ತಿದ್ದರು. ಹೀಗೆ ಬೇಯುವಾಗ ತೌಡಿನಲ್ಲಿರುವ ಜೀವಸತ್ವಗಳ ಒಂದು ಅಂಶ ನೀರಿನೊಡನೆ ಕಾಳಿನ ಒಳಗೆ ಸೇರಿಕೊಳ್ಳುತ್ತದೆ. ಮುಂದೆ ಪಾಲಿಶ್ ಮಾಡಿದರೂ ಅದು ಪೂರ್ತಿಯಾಗಿ ನಷ್ಟವಾಗುವುದಿಲ್ಲ. ಇದೇ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳ ಮನೆಮನೆಯ ಕುಚ್ಚಲಕ್ಕಿ. ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಬಿಸಿನೀರಿನಲ್ಲಿ ಭತ್ತವನ್ನು ನೆನೆಸುವ ಸುಧಾರಿತ ವಿಧಾನವನ್ನು ರೂಪಿಸಿ, ಹಳೆಯ ವಿಧಾನದಲ್ಲಿ ಬರುತ್ತಿದ್ದ ಹುಳಿವಾಸನೆಯನ್ನು ತಗ್ಗಿಸಿತು. ಕುಚ್ಚಲಕ್ಕಿಯ ವಾಸನೆಗೆ ಒಗ್ಗದ ಬಯಲುಸೀಮೆಯವರು ಅದನ್ನು ಸುಲಭವಾಗಿ ಒಪ್ಪಲಾರರು. ಆದರೆ ಅವರು ಬೆಳಗಿನ ಸುಸಲಕ್ಕೂ ಸಂಜೆಯ ಒಗ್ಗರಣೆಗೂ ಬಳಸುವ ಚುರುಮರಿಯೂ ಹೀಗೆ ಬೇಯಿಸಿ ಒಣಗಿಸಿದ ಅಕ್ಕಿಯಿಂದಲೇ ಆಗುವಂಥದು.

ರೊಟ್ಟಿಯ ನಾಡಿಗೆ ಅನ್ನ ಬಂದ ಬಗೆ

ಈ ಸೀಮೆಯ ಊಟ ಹೇಗೆ ಬದಲಾಯಿತು ಎಂಬುದನ್ನು ಇನ್ನು ನೋಡಬಹುದು. ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿಗೆ ಹೋಗುವ ನಿಜಾಮ ಸಂಸ್ಥಾನದ ರೈಲುಮಾರ್ಗ ೧೮೭೪ರಲ್ಲಿ ತೆರೆಯಿತು. ಭತ್ತ ಬೆಳೆಯುವ ತೆಲಂಗಾಣದೊಡನೆ ಈ ಭಾಗದ ಸಂಪರ್ಕ ಸುಲಭವಾಯಿತು. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿದ ಮೇಲೆ ಗಂಗಾವತಿ, ಸಿಂಧನೂರು, ಮಾನ್ವಿಗಳ ಬಯಲು ಭತ್ತದ ಕಣಜವಾಯಿತು. ಮುಂದೆ ನಾರಾಯಣಪುರದ ಕಾಲುವೆಗಳು ಸುರಪುರ, ಶಹಾಪುರಗಳಿಗೂ ಭತ್ತವನ್ನು ತಂದವು. ಸೋನಾಮಸೂರಿಯ ಸಣ್ಣಕ್ಕಿ ಕೈಗೆಟುಕಿತು. ಕಲ್ಲುಗಣಿಗಳ ಶಹಾಬಾದಿನಲ್ಲಿ, ಸಿಮೆಂಟಿನ ವಾಡಿಯಲ್ಲಿ ಪಾಳಿಯ ಮೇಲೆ ದುಡಿಯುವ ಕುಟುಂಬಗಳಿಗೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವುದಕ್ಕಿಂತ ಕುಕ್ಕರಿನಲ್ಲಿ ಅನ್ನ ಇಡುವುದು ಹಗುರವಾಗಿ ಕಂಡಿತು.

ಹೊಲದಲ್ಲಿಯೂ ಬದಲಾವಣೆಯಾಯಿತು. ಜೋಳದ ಕೊಯ್ಲಿಗೆ ಆಳು ಬಹಳ ಬೇಕು; ತೊಗರಿಗೆ ಪೇಟೆಯಲ್ಲಿ ಬೆಲೆ ಹೆಚ್ಚು. ಈ ಕಾರಣದಿಂದ ಜೋಳದ ಹೊಲಗಳು ತೊಗರಿಯ ಹೊಲಗಳಾದವು. ೨೦೧೯ರಲ್ಲಿ ‘ಗುಲ್ಬರ್ಗಾ ತೊಗರಿ ಬೇಳೆ’ ಭೌಗೋಳಿಕ ಗುರುತನ್ನು ಪಡೆಯಿತು. ಬೆಳೆದ ತೊಗರಿ ಪೇಟೆಗೆ ಹೋಗುತ್ತದೆ, ಬೆಳೆಯದ ಅಕ್ಕಿ ಮನೆಗೆ ಬರುತ್ತದೆ; ಇದು ಇಂದಿನ ಸ್ಥಿತಿ.

ಶಾಲೆಗೂ ಅಕ್ಕಿ ಬಂದಿತು. ೨೦೦೨ರಲ್ಲಿ ರಾಜ್ಯವು ಅಕ್ಷರ ದಾಸೋಹ ಯೋಜನೆಯನ್ನು ಮೊದಲು ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭಿಸಿದಾಗ ಗುಲ್ಬರ್ಗಾ ಜಿಲ್ಲೆಯೂ ಅವುಗಳಲ್ಲಿ ಒಂದಾಗಿತ್ತು. ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ ೧೦೦ ಗ್ರಾಂ, ಹಿರಿಯ ಪ್ರಾಥಮಿಕದ ಮಗುವಿಗೆ ೧೫೦ ಗ್ರಾಂ ಧಾನ್ಯವೆಂಬುದು ಮಧ್ಯಾಹ್ನದ ಬಿಸಿಯೂಟದ ನಿಯಮ. ೨೦೧೩ರ ಜುಲೈಯಲ್ಲಿ ಅನ್ನಭಾಗ್ಯ ಯೋಜನೆ ಬಂದು ಬಡ ಕುಟುಂಬಗಳಿಗೆ ಕಿಲೋಗ್ರಾಮಿಗೆ ಒಂದು ರೂಪಾಯಿಯಂತೆ ಅಕ್ಕಿ ದೊರೆಯಿತು. ಬರಗಾಲದ ಬೇಗೆಯನ್ನು ಕಂಡ ಈ ನಾಡಿನಲ್ಲಿ ಹಸಿವನ್ನು ನೀಗಿದ ಅಕ್ಕಿಯನ್ನು ಹಗುರವಾಗಿ ನುಡಿಯುವುದು ಕೃತಘ್ನತೆಯಾದೀತು. ಆದರೆ ಹಸಿವು ನೀಗುವುದೂ ಪುಷ್ಟಿ ದೊರೆಯುವುದೂ ಒಂದೇ ಅಲ್ಲ. ೨೦೧೯–೨೦ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. ೬೫ಕ್ಕೂ ಹೆಚ್ಚು ಮಂದಿ ರಕ್ತಹೀನತೆಯಿಂದ ಬಳಲುತ್ತಿರುವುದು ಕಂಡುಬಂದಿತು. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಜನರಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿತು. ಹೊಟ್ಟೆ ತುಂಬಿಯೂ ರಕ್ತ ತುಂಬದ ಮಗು, ಹೊಟ್ಟೆ ತುಂಬಿ ಸಕ್ಕರೆ ಏರಿದ ಹಿರಿಯ. ಇವರಿಬ್ಬರೂ ಈಗ ಒಂದೇ ಮನೆಯಲ್ಲಿರುವುದು ಅಪರೂಪವಲ್ಲ.

ಅಂಕಿಗಳು ಹೇಳುವುದೇನು

ರಾಷ್ಟ್ರೀಯ ಪೋಷಣ ಸಂಸ್ಥೆ ೨೦೧೭ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕಗಳು ಇಲ್ಲಿ ದಾರಿ ತೋರಿಸುತ್ತವೆ. ೧೦೦ ಗ್ರಾಂ ಪಾಲಿಶ್ ಮಾಡಿದ ಬಿಳಿಯ ಅಕ್ಕಿಯಲ್ಲಿ ನಾರು ಸುಮಾರು ೨.೮ ಗ್ರಾಂ, ಸಸಾರಜನಕ ೭.೯ ಗ್ರಾಂ, ಕಬ್ಬಿಣ ೦.೬೫ ಮಿಲಿಗ್ರಾಂ. ಅಷ್ಟೇ ಕಂದು ಅಕ್ಕಿಯಲ್ಲಿ ನಾರು ೪.೪ ಗ್ರಾಂ, ಸಸಾರಜನಕ ೯.೨ ಗ್ರಾಂ, ಕಬ್ಬಿಣ ೧ ಮಿಲಿಗ್ರಾಂ. ಜೋಳದಲ್ಲಿಯಾದರೋ ನಾರು ೧೦.೨ ಗ್ರಾಂ, ಸಸಾರಜನಕ ೧೦ ಗ್ರಾಂ, ಕಬ್ಬಿಣ ಸುಮಾರು ೪ ಮಿಲಿಗ್ರಾಂ. ತೊಗರಿಬೇಳೆಯ ಸಸಾರಜನಕವೋ ೨೧ ಗ್ರಾಮಿಗೂ ಹೆಚ್ಚು.

ಈ ಅಂಕಿಗಳನ್ನು ಒಬ್ಬ ವಸತಿಗೃಹದ ವಿದ್ಯಾರ್ಥಿಯ ಊಟಕ್ಕೆ ಅನ್ವಯಿಸಿ ನೋಡಬಹುದು. ಅವನು ದಿನಕ್ಕೆ ೩೦೦ ಗ್ರಾಂ ಬಿಳಿಯ ಅಕ್ಕಿಯ ಅನ್ನ ಉಣ್ಣುತ್ತಾನೆಂದು ಭಾವಿಸಿದರೆ ಅದರಿಂದ ಸುಮಾರು ೮ ಗ್ರಾಂ ನಾರು, ೨ ಮಿಲಿಗ್ರಾಂ ಕಬ್ಬಿಣ ದೊರೆಯುತ್ತವೆ. ಆ ಅಕ್ಕಿಯನ್ನೆಲ್ಲ ಕಂದು ಅಕ್ಕಿಯಾಗಿ ಬದಲಿಸಿದರೆ ನಾರು ೧೩ ಗ್ರಾಂ, ಕಬ್ಬಿಣ ೩ ಮಿಲಿಗ್ರಾಂ ಆಗುತ್ತವೆ. ಹಾಗೆ ಮಾಡದೆ ೨೦೦ ಗ್ರಾಂ ಬಿಳಿಯ ಅಕ್ಕಿಯನ್ನೇ ಉಳಿಸಿಕೊಂಡು, ಉಳಿದ ೧೦೦ ಗ್ರಾಂ ಬದಲು ಜೋಳವನ್ನು ಕೊಟ್ಟರೆ ನಾರು ಸುಮಾರು ೧೬ ಗ್ರಾಂ, ಕಬ್ಬಿಣ ೫ ಮಿಲಿಗ್ರಾಂ ಆಗುತ್ತವೆ. ಅಂದರೆ ಅನ್ನದ ಮೂರನೆಯ ಒಂದು ಪಾಲನ್ನು ರೊಟ್ಟಿಗೆ ಬಿಟ್ಟುಕೊಟ್ಟರೆ, ಅಕ್ಕಿಯೆಲ್ಲವನ್ನೂ ಕಂದು ಮಾಡಿದುದಕ್ಕಿಂತ ನಾರಿನಲ್ಲಿಯೂ ಕಬ್ಬಿಣದಲ್ಲಿಯೂ ಹೆಚ್ಚಿನ ಲಾಭವಿದೆ. ಸಸಾರಜನಕದಲ್ಲಿಯೂ ಥಯಾಮಿನ್ನಿನಲ್ಲಿಯೂ ಕಂದು ಅಕ್ಕಿ ಮುಂದಿರುವುದು ನಿಜ. ಆ ಕೊರತೆಯನ್ನು ತುಂಬಲು ಗಟ್ಟಿಬೇಳೆ ನೆರವಾಗುತ್ತದೆ. ಧಾನ್ಯಗಳಲ್ಲಿಯ ಕಬ್ಬಿಣವನ್ನು ದೇಹ ಪೂರ್ತಿಯಾಗಿ ಹೀರಿಕೊಳ್ಳಲಾರದು. ತೌಡಿನಲ್ಲಿಯೂ ಜೋಳದಲ್ಲಿಯೂ ಇರುವ ಫೈಟೇಟ್ ಎಂಬ ಅಂಶ ಅದನ್ನು ತಡೆಯುತ್ತದೆ. ಊಟದೊಡನೆ ಹಿಂಡಿದ ನಿಂಬೆಹಣ್ಣು, ಹಸಿಯ ತರಕಾರಿ ಇದ್ದರೆ ಆ ತಡೆ ಕಡಿಮೆಯಾಗುತ್ತದೆ.

ಮಧುಮೇಹದ ವಿಷಯದಲ್ಲಿ ಕಂದು ಅಕ್ಕಿಗೆ ಸಲ್ಲತಕ್ಕ ಮನ್ನಣೆ ಸಲ್ಲಬೇಕು. ಚೆನ್ನೈಯ ಸಂಶೋಧಕರು ೨೦೧೪ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಬಿಳಿಯ ಅಕ್ಕಿಯ ಬದಲು ಕಂದು ಅಕ್ಕಿ ಉಂಡ ಸ್ಥೂಲದೇಹಿಗಳಲ್ಲಿ ಇಪ್ಪತ್ತನಾಲ್ಕು ಗಂಟೆಗಳ ರಕ್ತದ ಸಕ್ಕರೆಯ ಏರಿಕೆ ಸುಮಾರು ಶೇ. ೨೦ರಷ್ಟು ಕಡಿಮೆಯಾಯಿತು, ಜೊತೆಗೆ ಕಾಳು ಬೇಳೆ ಸೇರಿದಾಗ ಇನ್ನೂ ಸ್ವಲ್ಪ ಇಳಿಯಿತು. ಆದರೆ ಅಲ್ಪ ಪಾಲಿಶ್ ಮಾಡಿದ ಅಕ್ಕಿಯಲ್ಲಿಯೂ ಸಕ್ಕರೆಯನ್ನು ಏರಿಸುವ ಗುಣ ಬೇಗನೆ ಹೆಚ್ಚುತ್ತದೆ ಎಂಬುದೂ ಅಲ್ಲಿಯ ಅಧ್ಯಯನಗಳಿಂದಲೇ ತಿಳಿದುಬಂದಿದೆ. ಆದುದರಿಂದ ಅರ್ಧ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಜೀವಸತ್ವ ಸ್ವಲ್ಪ ಉಳಿದಿದ್ದರೂ ಮಧುಮೇಹಿಗೆ ಅದು ಪೂರ್ಣ ಕಂದು ಅಕ್ಕಿಗೆ ಸಮವಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಅವಶ್ಯ. ೨೦೨೫ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಪ್ರಕಾರ ಭಾರತೀಯರು ಆಹಾರದಿಂದ ಪಡೆಯುವ ಶಕ್ತಿಯಲ್ಲಿ ಸುಮಾರು ಶೇ. ೬೨ರಷ್ಟು ಶರ್ಕರಪಿಷ್ಟಗಳಿಂದಲೇ ಬರುತ್ತದೆ. ಈ ಒಟ್ಟು ಪ್ರಮಾಣವನ್ನು ಇಳಿಸದೆ, ಬರಿದೇ ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ಬಳಸಿದರೆ ಮಧುಮೇಹದ ಅಪಾಯ ತಗ್ಗುವುದು ಕಂಡುಬರಲಿಲ್ಲ. ಅದರ ಒಂದಂಶವನ್ನು ಕಾಳು ಬೇಳೆ, ಹಾಲು ಮೊಸರುಗಳ ಸಸಾರಜನಕದಿಂದ ತುಂಬಿದಾಗ ಅಪಾಯ ಕಡಿಮೆಯಿದ್ದುದು ಕಂಡಿತು. ಅನ್ನದ ರಾಶಿಯ ಜಾಗದಲ್ಲಿ ರೊಟ್ಟಿಯ ರಾಶಿಯನ್ನಿಟ್ಟರೆ ಸಾಲದು, ರಾಶಿಯೇ ಸಣ್ಣದಾಗಬೇಕು, ಬೇಳೆ ದಪ್ಪವಾಗಬೇಕು ಎಂಬುದು ಇದರ ತಾತ್ಪರ್ಯ.

ಜೋಳವೊಂದನ್ನೇ ನೆಚ್ಚುವುದೂ ಸರಿಯಲ್ಲ. ದಖ್ಖನಿನಲ್ಲಿ ಜೋಳವಲ್ಲದೆ ಬೇರೇನೂ ದೊರೆಯದ ಬಡವರಲ್ಲಿ ಪೆಲ್ಲಾಗ್ರ ಎಂಬ ಚರ್ಮರೋಗ ಕಂಡುಬಂದುದನ್ನು ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ೧೯೬೦ರ ಸುಮಾರಿಗೆ ಶೋಧಿಸಿದರು. ಒಂದೇ ಧಾನ್ಯಕ್ಕೆ ಕಟ್ಟುಬಿದ್ದ ಊಟ, ಅದು ಅಕ್ಕಿಯಾಗಲಿ ಜೋಳವಾಗಲಿ, ಯಾವುದೋ ಒಂದು ಕೊರತೆಯನ್ನು ತಂದೇ ತರುತ್ತದೆ. ರೊಟ್ಟಿ, ಬೇಳೆ, ಸೊಪ್ಪು, ಮಜ್ಜಿಗೆ, ಕೊನೆಗೆ ಹಿಡಿ ಅನ್ನ ಎಂಬ ಹಿರಿಯರ ಕ್ರಮದಲ್ಲಿ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತಿತ್ತು.

ರುಚಿಯ ವಿಚಾರ

ಪುಷ್ಟಿಯ ವಾದವನ್ನು ಮುಂದಿಟ್ಟು ರುಚಿಯನ್ನು ಕಡೆಗಣಿಸುವುದು ವಿವೇಕವಲ್ಲ. ಮಕ್ಕಳು ಉಣ್ಣದೆ ಬಿಟ್ಟ ಅನ್ನದಲ್ಲಿ ಎಷ್ಟು ಜೀವಸತ್ವವಿದ್ದರೂ ವ್ಯರ್ಥ. ಬಿಳಿಯ ಅಕ್ಕಿಯ ಅನ್ನ ಮೆತ್ತಗೆ, ಸಪ್ಪಗೆ ಇರುತ್ತದೆ. ಆ ಸಪ್ಪೆತನವೇ ಅದರ ಗುಣ. ಸಾರಿನ ಖಾರವನ್ನೂ ಮೊಸರಿನ ಹುಳಿಯನ್ನೂ ತನ್ನೊಳಗೆ ತೆಗೆದುಕೊಳ್ಳುತ್ತದೆ. ಖಡಕ್ ರೊಟ್ಟಿಯ ಊಟದ ಕೊನೆಗೆ ನಾಲಗೆಗೆ ಬೇಕಾದುದೂ ಇಂಥ ಮೃದುವಾದ ತುತ್ತೇ. ಹೀಗೆ ಅನ್ನವು ಊಟದ ಕೊನೆಯ ಹಿಡಿಯಾಗಿರುವ ಮನೆಯಲ್ಲಿ ಹಳೆಯ ಬಿಳಿಯ ಅಕ್ಕಿಯನ್ನೇ ಬಳಸಿದರೂ ದೋಷವೇನೂ ಇಲ್ಲ.

ಕಂದು ಅಕ್ಕಿಯ ಅನ್ನ ಬಿಡಿಬಿಡಿಯಾಗಿ, ಸ್ವಲ್ಪ ಗಟ್ಟಿಯಾಗಿರುತ್ತದೆ. ಅಗಿದಷ್ಟೂ ಕಡಲೆಯಂಥ ಸವಿ ಬರುತ್ತದೆ. ತೆಳುವಾದ ಸಾರು ಅದರ ಮೇಲೆ ನಿಲ್ಲದು. ಮೊಸರು ಅದರೊಡನೆ ಬೆರೆಯದು. ಗಟ್ಟಿಬೇಳೆ, ಪುಂಡಿಪಲ್ಲೆ, ಕಾಳುಪಲ್ಲೆಗಳಂಥ ದಪ್ಪ ವ್ಯಂಜನಗಳಿಗೆ ಅದು ಹೊಂದುತ್ತದೆ. ಜೋಳವನ್ನು ಅಗಿದು ಉಂಡ ಬಾಯಿಗೆ ಕಂದು ಅಕ್ಕಿಯ ಗಟ್ಟಿತನ ಹೊಸದೇನೂ ಅಲ್ಲ.

ಅಡುಗೆ ಮತ್ತು ಸಂಗ್ರಹ

ಕಂದು ಅಕ್ಕಿಯನ್ನು ಬಿಳಿಯ ಅಕ್ಕಿಯಂತೆ ಬೇಯಿಸಲು ಹೋಗಿ ಹಲವರು ಬೇಸತ್ತು ಬಿಟ್ಟಿರುವುದುಂಟು. ತೌಡಿನ ಪದರ ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ರಾತ್ರಿ ನೆನೆಯಿಟ್ಟು ಬೆಳಿಗ್ಗೆ ಬೇಯಿಸುವುದು ಉತ್ತಮ ಕ್ರಮ. ನೆನೆಸದಿದ್ದರೆ ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆಯವರೆಗೂ ಬೇಕಾಗಬಹುದು. ಒಂದು ಅಳತೆ ಅಕ್ಕಿಗೆ ಎರಡೂವರೆಯಿಂದ ಮೂರು ಅಳತೆ ನೀರು ಬೇಕು. ಹೊಸದಾಗಿ ಆರಂಭಿಸುವವರು ಮೊದಲು ಕಾಲು ಪಾಲು ಕಂದು ಅಕ್ಕಿಯನ್ನು ನೆನೆಸಿ ಬಿಳಿಯ ಅಕ್ಕಿಯೊಡನೆ ಬೆರೆಸಿ ಬೇಯಿಸಿ, ಕ್ರಮೇಣ ಪಾಲನ್ನು ಏರಿಸಿದರೆ ನಾಲಗೆಯೂ ಹೊಟ್ಟೆಯೂ ಒಗ್ಗಿಕೊಳ್ಳುತ್ತವೆ.

ಸಂಗ್ರಹದಲ್ಲಿಯೂ ಎಚ್ಚರ ಬೇಕು. ತೌಡಿನಲ್ಲಿ ಎಣ್ಣೆಯಿದೆ, ಗಿರಣಿಗಳಿಂದ ಹೊರಡುವ ತೌಡಿನಿಂದ ಅಡುಗೆಯ ಎಣ್ಣೆಯನ್ನು ತೆಗೆಯುವುದೂ ಇದೇ ಕಾರಣದಿಂದ. ಬೇಸಿಗೆಯಲ್ಲಿ ೪೦ ಡಿಗ್ರಿ ದಾಟುವ ಈ ಸೀಮೆಯ ಬಿಸಿಲಿನಲ್ಲಿ ಆ ಎಣ್ಣೆ ಬೇಗ ಕಮಟುಗಟ್ಟುತ್ತದೆ. ಬಿಳಿಯ ಅಕ್ಕಿಯಂತೆ ವರ್ಷಕ್ಕಾಗುವಷ್ಟು ಚೀಲಗಳನ್ನು ಪೇರಿಸಿಡದೆ, ತಿಂಗಳೆರಡು ತಿಂಗಳಿಗೆ ಸಾಕಾಗುವಷ್ಟನ್ನೇ ತರಬೇಕು. ಯಂತ್ರದ ಕೆಲಸ ಕಡಿಮೆಯಾದರೂ ಕಂದು ಅಕ್ಕಿಯ ಬೆಲೆ ಹೆಚ್ಚಾಗಿರಲು ಬೇಡಿಕೆ ಕಡಿಮೆಯಿರುವುದೂ ಬಹುದಿನ ಇಡಲು ಬಾರದಿರುವುದೂ ಕಾರಣಗಳಲ್ಲಿ ಸೇರಿವೆ.

ಬಿಳಿಯ ಅಕ್ಕಿಯನ್ನು ಉಣ್ಣುವವರೂ ಉಳಿದ ಸತ್ವವನ್ನು ಕಾಯ್ದುಕೊಳ್ಳಬಹುದು. ಐದಾರು ಸಲ ಉಜ್ಜಿ ತೊಳೆಯುವುದರಿಂದ, ಬೆಂದ ಮೇಲೆ ಗಂಜಿಯನ್ನು ಬಸಿದು ಚೆಲ್ಲುವುದರಿಂದ ನೀರಿನಲ್ಲಿ ಕರಗುವ ಜೀವಸತ್ವಗಳು ಹರಿದುಹೋಗುತ್ತವೆ. ಒಂದೆರಡು ಸಲ ತೊಳೆದು, ಬೇಕಾದಷ್ಟೇ ನೀರಿನಲ್ಲಿ ಬೇಯಿಸುವುದು ಲೇಸು.

ಸಾರ ಬೆರೆಸಿದ ಅಕ್ಕಿ

ಸರ್ಕಾರದ ಯೋಜನೆಗಳ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ೧೨ ಜೀವಸತ್ವಗಳನ್ನು ಸೇರಿಸುವ ಕಾರ್ಯವನ್ನು ೨೦೨೧ರ ಆಗಸ್ಟ್ ೧೫ರಂದು ಘೋಷಿಸಲಾಯಿತು. ೨೦೨೪ರ ಮಾರ್ಚ್ ವೇಳೆಗೆ ಅದನ್ನು ದೇಶಾದ್ಯಂತ ವಿಸ್ತರಿಸಲಾಯಿತು. ಅಕ್ಕಿಯ ಹಿಟ್ಟಿಗೆ ಈ ಸತ್ವಗಳನ್ನು ಕಲಸಿ ಅಕ್ಕಿಯ ಆಕಾರದ ಕಾಳುಗಳನ್ನು ಮಾಡಿ, ನೂರಕ್ಕೆ ಒಂದರಂತೆ ಸಾಮಾನ್ಯ ಅಕ್ಕಿಯೊಡನೆ ಬೆರೆಸುವುದು ಇದರ ವಿಧಾನ. ಆ ಕಾಳುಗಳ ಬಣ್ಣ ತುಸು ಬೇರೆಯಾಗಿರುವುದರಿಂದ ಅದು ಪ್ಲಾಸ್ಟಿಕ್ ಅಕ್ಕಿಯೆಂಬ ಸುದ್ದಿ ಹಳ್ಳಿಗಳಲ್ಲಿ ಹಬ್ಬಿ, ಅಕ್ಕಿ ಆರಿಸುವಾಗ ಅವನ್ನೇ ಹೆಕ್ಕಿ ಎಸೆದುದೂ ಉಂಟು. ಇಂಥ ಅಕ್ಕಿ ಬಂದಾಗ ಆ ಕಾಳುಗಳನ್ನು ಎಸೆಯಬಾರದೆಂದು ಮಕ್ಕಳಿಗೂ ಅಡುಗೆಯವರಿಗೂ ತಿಳಿಹೇಳುವುದು ಅಧ್ಯಾಪಕರ ಕರ್ತವ್ಯ. ತಲಸೇಮಿಯಾದಂಥ ರಕ್ತರೋಗವಿರುವವರು ಮಾತ್ರ ವೈದ್ಯರ ಸಲಹೆಯಂತೆ ನಡೆಯಬೇಕು. ತೌಡಿನೊಡನೆ ಹೋದುದನ್ನೆಲ್ಲ ಈ ಕಾಳುಗಳು ಮರಳಿ ತರಲಾರವು, ನಾರು ಅವುಗಳಲ್ಲಿಲ್ಲ. ಆದರೂ ಬೇರೆ ದಾರಿ ದೊರೆಯದ ತಟ್ಟೆಗೆ ಅವು ಸಹಾಯಕವೇ.

ಯಾರಿಗೆ ಯಾವುದು

ಇಷ್ಟು ವಿವೇಚನೆಯ ಮೇಲೆ ಆಯ್ಕೆಯ ಸೂತ್ರವನ್ನು ಹೀಗೆ ಹೇಳಬಹುದು. ದಿನಕ್ಕೆ ಒಂದು ಹೊತ್ತು, ಅದೂ ರೊಟ್ಟಿಯ ಅನಂತರ ಸ್ವಲ್ಪವೇ ಅನ್ನ ಉಣ್ಣುವವರು ರುಚಿಗೆ ಒಪ್ಪಿದ ಅಕ್ಕಿಯನ್ನು ಬಳಸಲಿ. ಬೆಳಿಗ್ಗೆ ಅವಲಕ್ಕಿ ಅಥವಾ ಇಡ್ಲಿ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ ಎಂಬಂತೆ ಮೂರು ಹೊತ್ತೂ ಅಕ್ಕಿಯನ್ನೇ ನೆಚ್ಚಿರುವವರು ಮೊದಲು ಒಂದು ಹೊತ್ತನ್ನು ಜೋಳಕ್ಕೆ ಕೊಡಲಿ, ಉಳಿದ ಅಕ್ಕಿಯಲ್ಲಿ ಕೈಲಾದಷ್ಟನ್ನು ಕಂದು ಅಕ್ಕಿಯಾಗಿ ಬದಲಿಸಲಿ. ಮಧುಮೇಹಿಗಳು ಅನ್ನದ ಪ್ರಮಾಣವನ್ನೇ ಇಳಿಸಿ, ಉಣ್ಣುವ ಅಲ್ಪವನ್ನು ಕಂದು ಅಕ್ಕಿಯಿಂದ ಮಾಡಿಕೊಂಡು, ಬೇಳೆ ಕಾಯಿಪಲ್ಲೆಗಳೊಡನೆ ಉಣ್ಣಲಿ. ಹಲ್ಲಿಲ್ಲದ ವೃದ್ಧರಿಗೂ ಆಗತಾನೆ ಅನ್ನ ಕಲಿಯುತ್ತಿರುವ ಕೂಸುಗಳಿಗೂ ವಾಂತಿಭೇದಿಯಿಂದ ಬಳಲಿದವರಿಗೂ ಬಿಳಿಯ ಅಕ್ಕಿಯ ಮೆತ್ತನೆಯ ಗಂಜಿಯೇ ಹಿತ. ಅವರ ಮೇಲೆ ಕಂದು ಅಕ್ಕಿಯನ್ನು ಹೇರುವುದು ಸಲ್ಲದು.

ದಾಸೋಹದ ಚೀಲ

ಮಠಗಳ ಆಶ್ರಯದ ಶಾಲೆಗಳಲ್ಲಿ, ಪ್ರಸಾದನಿಲಯಗಳಲ್ಲಿ ಉಣ್ಣುವ ಮಕ್ಕಳ ತಟ್ಟೆಯನ್ನು ನಿರ್ಧರಿಸುವವರು ಅಡುಗೆಯವರಷ್ಟೇ ಅಲ್ಲ, ದಾನಿಗಳೂ ಹೌದು. ಹರಕೆಗೆ, ಪುಣ್ಯತಿಥಿಗೆ, ಮಗನ ನೌಕರಿಗೆ, ಮಗಳ ಮದುವೆಗೆ ಭಕ್ತರು ತಂದು ಇಳಿಸುವ ಚೀಲಗಳಲ್ಲಿ ಇಂದು ಅಕ್ಕಿಯೇ ಹೆಚ್ಚು. ಆ ದಾನದ ಹಿರಿಮೆಗೆ ಕುಂದಿಲ್ಲ. ಆದರೆ ಮೂರು ಚೀಲ ಅಕ್ಕಿ ಕೊಡಬಯಸುವವರು ಎರಡು ಚೀಲ ಅಕ್ಕಿ, ಒಂದು ಚೀಲ ಜೋಳ, ಕೈಲಾದರೆ ಅದರೊಡನೆ ಹತ್ತು ಸೇರು ತೊಗರಿಬೇಳೆ ಎಂದು ಸಂಕಲ್ಪಿಸಿದರೆ, ಮೇಲೆ ಹೇಳಿದ ಲೆಕ್ಕದಂತೆ ನೂರಾರು ಮಕ್ಕಳ ಊಟದ ಸತ್ವ ಹೆಚ್ಚುತ್ತದೆ. ತೊಗರಿ ಬೆಳೆಯುವ ರೈತನ ಹೊಲದ ಬೇಳೆ ಅವನ ಊರಿನ ಮಕ್ಕಳ ತಟ್ಟೆಗೂ ಬಂದಂತಾಗುತ್ತದೆ.

ನೂರಾರು ಮಕ್ಕಳಿಗೆ ದಿನವೂ ರೊಟ್ಟಿ ಬಡಿಯುವವರು ಯಾರು ಎಂಬ ಪ್ರಶ್ನೆ ಏಳುವುದು ಸಹಜ. ರೊಟ್ಟಿ ಹಿಂದೆ ಸರಿದುದಕ್ಕೆ ಹೆಣ್ಣುಮಕ್ಕಳ ಆ ನಿತ್ಯದ ಶ್ರಮವೂ ಒಂದು ಕಾರಣವೆಂಬುದನ್ನು ಮರೆಯಲಾಗದು. ಹಳೆಯ ಊಟವನ್ನು ಹೊಗಳುವವರು ಆ ಶ್ರಮವನ್ನು ಮತ್ತೆ ಅವರ ಹೆಗಲಿಗೇ ಹೊರಿಸಬಾರದು. ಇದಕ್ಕೆ ಉಪಾಯಗಳಿವೆ. ಒಣಗಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು, ದಿನವೂ ಮಾಡಬೇಕಾಗಿಲ್ಲ. ಇತ್ತೀಚಿನ ವರ್ಷಗಳಲ್ಲಿ ಜಿಲ್ಲಾಡಳಿತವು ಸ್ವಸಹಾಯ ಸಂಘಗಳ ಮಹಿಳೆಯರು ಮಾಡುವ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಪೇಟೆಯನ್ನು ಕಲ್ಪಿಸಿದೆ. ಅಂಥ ಸಂಘಗಳಿಂದ ಕೊಂಡರೆ ಮಕ್ಕಳಿಗೆ ರೊಟ್ಟಿ ದೊರೆಯುತ್ತದೆ, ರೊಟ್ಟಿ ಬಡಿದ ಕೈಗೆ ಕೂಲಿಯೂ ದೊರೆಯುತ್ತದೆ. ರೊಟ್ಟಿ ಬಡಿಯುವ ಅವಶ್ಯಕತೆಯೇ ಇಲ್ಲದ ಜೋಳದ ನುಚ್ಚು ಇನ್ನೊಂದು ದಾರಿ. ಒಡೆದ ಜೋಳವನ್ನು ಅನ್ನದಂತೆಯೇ ದೊಡ್ಡ ಪಾತ್ರೆಯಲ್ಲಿ ಬೇಯಿಸಿ ಮಜ್ಜಿಗೆಯೊಡನೆಯೋ ಬೇಳೆಯೊಡನೆಯೋ ಬಡಿಸಬಹುದು. ವಾರಕ್ಕೆ ಎರಡು ದಿನ ಇದನ್ನು ಆರಂಭಿಸಲು ಹೊಸ ಸಲಕರಣೆಯೇನೂ ಬೇಕಾಗಿಲ್ಲ.

೨೦೨೩ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಜೋಳವೂ ಆ ಗುಂಪಿಗೆ ಸೇರಿದ ಧಾನ್ಯ. ದೂರದ ದೇಶಗಳು ಈಗ ಹುಡುಕುತ್ತಿರುವ ಧಾನ್ಯ ಈ ಕಪ್ಪುಮಣ್ಣಿನಲ್ಲಿ ತಲೆತಲಾಂತರದಿಂದ ಬೆಳೆದುಬಂದಿದೆ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಹೊತ್ತು ಹೋಗಿ ಸಜ್ಜೆಯ ರೊಟ್ಟಿ, ಭಜ್ಜಿ, ಅಂಬಲಿಗಳನ್ನು ಹಂಚಿಕೊಂಡು ಉಣ್ಣುವ ಜನರಿಗೆ ಇದರ ಬೆಲೆಯನ್ನು ಬೇರೆಯವರು ತಿಳಿಸಬೇಕಾಗಿಲ್ಲ. ವರ್ಷಕ್ಕೊಂದು ದಿನದ ಆ ಊಟ ವಾರಕ್ಕೆ ಕೆಲವು ದಿನಗಳ ಊಟವಾದರೆ ಸಾಕು. ಆಗ ಅಕ್ಕಿ ಬೆಳ್ಳಗಿದ್ದರೂ ಕಂದಾಗಿದ್ದರೂ ಅನ್ನವು ತನ್ನ ಹಿಂದಿನ ಮರ್ಯಾದೆಯ ಸ್ಥಾನಕ್ಕೆ, ಊಟದ ಕೊನೆಯ ಹಿಡಿಯಷ್ಟಕ್ಕೆ, ಮರಳುತ್ತದೆ. ಈ ವರ್ಷದ ದಾಸೋಹಕ್ಕೆ ಇಳಿಯುವ ಚೀಲಗಳಲ್ಲಿ ಒಂದಾದರೂ ಬಿಳಿಜೋಳದ್ದಾಗಿರಲಿ.